ಬಂದೂಕು ಹಿಡಿದವರಷ್ಟೇ ಮಾತುಕತೆಗೆ ಕೂರಬೇಕೆ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂಎ ಓದುತ್ತಿದ್ದೇನೆ. ಶಾಂತಿ ಮತ್ತು ಭದ್ರತೆಯಲ್ಲಿ ಮಹಿಳೆಯರ ಪಾತ್ರ ಎಂಬ ವಿಷಯವನ್ನು ಕಿರುಪ್ರಬಂಧಕ್ಕೆ ಆರಿಸಿಕೊಳ್ಳಬೇಕೆಂದಿದ್ದೇನೆ. ಗೆಳತಿಯರು ನಗುತ್ತಾರೆ. ದೊಡ್ಡ ದೇಶಗಳು ಶಸ್ತ್ರ ಪೇರಿಸುತ್ತಿವೆ, ವಿಶ್ವಸಂಸ್ಥೆಯ ಮಾತನ್ನು ಯಾರೂ ಕೇಳುತ್ತಿಲ್ಲ, ನಾಲ್ಕು ಜನ ನಾಯಕರು ಸೇರಿ ಯುದ್ಧ ಶುರು ಮಾಡುತ್ತಾರೆ, ಅವರೇ ನಿಲ್ಲಿಸುತ್ತಾರೆ, ಇದರಲ್ಲಿ ಹೆಂಗಸರ ಪಾತ್ರ ಎಲ್ಲಿದೆ ಎನ್ನುತ್ತಾರೆ. ಇಂದಿರಾ ಗಾಂಧಿ, ಮಾರ್ಗರೆಟ್ ಥ್ಯಾಚರ್ ಕೂಡ ಯುದ್ಧ ಮಾಡಿದವರೇ ಅಲ್ವಾ? ಮಹಿಳೆಯರಿದ್ದರೆ ಶಾಂತಿ ಬರುತ್ತದೆ ಎನ್ನುವುದಕ್ಕೆ ನಿಜಕ್ಕೂ ಆಧಾರ ಇದೆಯೇ? ಈ ವಿಷಯ ಇಟ್ಟುಕೊಳ್ಳಲೇ, ಬಿಡಲೇ?

ಉತ್ತರ: ಥ್ಯಾಚರ್ ಮಾತಿನಿಂದಲೇ ಶುರು ಮಾಡೋಣ. ಹೆಣ್ಣು ಹುಟ್ಟಿನಿಂದಲೇ ಶಾಂತಿಪ್ರಿಯೆ ಎನ್ನುವುದನ್ನು ನಾನು ನಂಬುವುದಿಲ್ಲ. 1971ರಲ್ಲಿ ಇಂದಿರಾ ಗಾಂಧಿ, 1973ರಲ್ಲಿ ಇಸ್ರೇಲಿನ ಗೋಲ್ಡಾ ಮೀರ್, 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಥ್ಯಾಚರ್ ಯುದ್ಧ ನಡೆಸಿದರು. ಯಾವ ಗಂಡಸು ಪ್ರಧಾನಿಗಿಂತಲೂ ಕಡಿಮೆಯೇನೂ ಇರಲಿಲ್ಲ. ಇನ್ನೂ ಕಠೋರವಾದ ಉದಾಹರಣೆ ಬೇಕಿದ್ದರೆ ರುವಾಂಡಾಕ್ಕೆ ಹೋಗಿ. 1994ರ ನರಮೇಧದ ಹೊತ್ತಿಗೆ ಅಲ್ಲಿ ಕುಟುಂಬ ಮತ್ತು ಮಹಿಳಾ ಕಲ್ಯಾಣದ ಸಚಿವೆಯಾಗಿದ್ದವರು ಪೌಲಿನ್ ನ್ಯಿರಮಸುಹುಕೊ. ನರಮೇಧ ಮತ್ತು ಅತ್ಯಾಚಾರದ ಅಪರಾಧಕ್ಕಾಗಿ 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆಕೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ ಅದು 47 ವರ್ಷಕ್ಕೆ ಇಳಿಯಿತು. ಮಹಿಳಾ ಕಲ್ಯಾಣದ ಸಚಿವೆ! ಇದನ್ನು ಓದಿದ ಮೇಲೂ ತಾಯಿ ಹೃದಯದ ಮಾತಾಡುವುದು ಕಷ್ಟ.

ಹಾಗಾದರೆ ವಾದ ಏನು? ವಾದ ಸ್ವಭಾವದ ಮೇಲೆ ನಿಂತಿಲ್ಲ, ಅನುಭವದ ಮೇಲೆ ನಿಂತಿದೆ. ಶಾಂತಿ ಮಾತುಕತೆಗೆ ಯಾರನ್ನು ಕರೆಯುತ್ತಾರೆ ನೋಡಿ. ಯಾರ ಕೈಯಲ್ಲಿ ಬಂದೂಕಿದೆಯೋ ಅವರನ್ನು. ಬಂದವರು ಏನು ಕೇಳುತ್ತಾರೆ? ಎಷ್ಟು ಖಾತೆ, ಸೈನ್ಯದಲ್ಲಿ ಎಷ್ಟು ಹುದ್ದೆ, ಯಾವ ಗಣಿ ಯಾರಿಗೆ, ಯಾರಿಗೆಲ್ಲ ಕ್ಷಮಾದಾನ. ಇವೆಲ್ಲ ಬೇಕಾದ ವಿಷಯಗಳೇ, ಇಲ್ಲದಿದ್ದರೆ ಅವರು ಬಂದೂಕು ಕೆಳಗಿಡುವುದಿಲ್ಲ. ಆದರೆ ಯುದ್ಧದ ಉಳಿದ ಅರ್ಧ ಆ ಕೋಣೆಗೆ ಬರುವುದೇ ಇಲ್ಲ. ಕಾಣೆಯಾದವರು ಎಲ್ಲಿದ್ದಾರೆ? ಗಂಡ ಸತ್ತ ಹೆಂಗಸಿನ ಹೆಸರಿಗೆ ಜಮೀನು ಆಗುತ್ತದೆಯೇ? ಶಾಲೆ ಯಾವಾಗ ತೆರೆಯುತ್ತದೆ? ಊರಿಗೆ ಮರಳಿದ ಹೋರಾಟಗಾರನನ್ನು ಯಾರು ಸಂಭಾಳಿಸಬೇಕು? ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಎನ್ನುತ್ತಾರಲ್ಲ, ರಾಜಿ ಪಂಚಾಯಿತಿಯಲ್ಲೂ ಕೋಣಗಳನ್ನೇ ಕೂರಿಸಿ ಗಿಡದ ವಿಚಾರ ಮರೆತರೆ ಹೇಗೆ? ಯುದ್ಧ ಎಂದರೆ ಏನೇನು ಎಂದು ತೀರ್ಮಾನಿಸುವವರು ಯಾರು ಎನ್ನುವುದೇ ಇಲ್ಲಿರುವ ನಿಜವಾದ ಜಗಳ.

ಲೈಬೀರಿಯಾದ ಕತೆ ನಿಮಗೆ ಗೊತ್ತಿರಬಹುದು, ಆದರೂ ಸ್ವಲ್ಪ ವಿವರವಾಗಿ ನೋಡೋಣ. ಏಕೆಂದರೆ ಅದನ್ನು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ. 2003ರಲ್ಲಿ ಅಲ್ಲಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೂ ಬಂಡುಕೋರ ಗುಂಪುಗಳಿಗೂ ಘೋರ ಯುದ್ಧ ನಡೆಯುತ್ತಿತ್ತು. ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಪಕ್ಕದ ಬಯಲಿನಲ್ಲಿ ಬಿಳಿ ಬಟ್ಟೆ ತೊಟ್ಟ ಹೆಂಗಸರು ದಿನವೂ ಬಂದು ಕೂರತೊಡಗಿದರು. ಟೇಲರ್ ಓಡಾಡುವ ರಸ್ತೆಗೆ ಎದುರಾಗಿ, ಬಿಸಿಲಿರಲಿ ಮಳೆಯಿರಲಿ. ಮುಂದಾಳು ಲೇಮಾ ಬೋವಿ. ಕ್ರೈಸ್ತ ಹೆಂಗಸರ ಜೊತೆ ಮುಸ್ಲಿಂ ಹೆಂಗಸರೂ ಸೇರಿದರು, ಆ ದೇಶದಲ್ಲಿ ಅದು ಸಣ್ಣ ವಿಷಯ ಆಗಿರಲಿಲ್ಲ. ಪತ್ರಿಕೆಗಳಿಗೆ ಇಷ್ಟವಾದದ್ದು ಗಂಡಂದಿರ ಜೊತೆ ಮಲಗುವುದಿಲ್ಲ ಎಂಬ ಮುಷ್ಕರ. ಅದರಿಂದ ಪ್ರಚಾರ ಸಿಕ್ಕಿತೇ ಹೊರತು ಬೇರೆ ಪರಿಣಾಮ ಕಡಿಮೆ ಎಂದು ಸ್ವತಃ ಬೋವಿಯೇ ಮುಂದೆ ಬರೆದುಕೊಂಡಿದ್ದಾರೆ. ಹಾಗಾಗಿ ನಿಮ್ಮ ಪ್ರಬಂಧದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಡಬೇಡಿ.

ನಿಜವಾದ ಕೆಲಸ ನಡೆದದ್ದು ಘಾನಾದ ಅಕ್ರಾದಲ್ಲಿ. ಜೂನ್‌ನಲ್ಲಿ ಮಾತುಕತೆ ಶುರುವಾಯಿತು. ಬಂಡುಕೋರ ನಾಯಕರು ಹೋಟೆಲ್‌ನಲ್ಲಿ ಉಳಿದು, ಮುಂದಿನ ಸರ್ಕಾರದಲ್ಲಿ ಯಾರಿಗೆ ಯಾವ ಹುದ್ದೆ ಎಂದು ವಾರಗಟ್ಟಲೆ ಚೌಕಾಶಿ ಮಾಡಿದರು. ಅತ್ತ ಮನ್ರೋವಿಯಾದ ಮೇಲೆ ಶೆಲ್ ಬೀಳುತ್ತಿತ್ತು. ಜುಲೈನಲ್ಲಿ ಒಂದು ದಿನ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಒಪ್ಪಂದಕ್ಕೆ ದಾರಿಯಾಗುವ ತನಕ ಒಳಗಿದ್ದವರನ್ನು ಹೊರಗೆ ಬಿಡುವುದಿಲ್ಲ ಎಂದರು. ಕಾವಲಿನವರು ಬಂಧಿಸಲು ಬಂದಾಗ ಬೋವಿ, ಬಟ್ಟೆ ಕಳಚುತ್ತೇನೆ ಎಂದು ಹೆದರಿಸಿದರು. ತಾಯಿಯ ವಯಸ್ಸಿನ ಹೆಂಗಸು ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಎಂಬ ನಂಬಿಕೆ ಅಲ್ಲಿದೆ. ಮಧ್ಯಸ್ಥಿಕೆ ವಹಿಸಿದ್ದ ನೈಜೀರಿಯಾದ ಮಾಜಿ ಅಧ್ಯಕ್ಷ ಅಬ್ದುಲ್‌ಸಲಾಮಿ ಅಬೂಬಕರ್ ಹೊರಗೆ ಬಂದು ಅವರ ಜೊತೆ ಮಾತಾಡಿದರು. ಆಗಸ್ಟ್ 11ಕ್ಕೆ ಟೇಲರ್ ಅಧಿಕಾರ ಬಿಟ್ಟರು, 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಟೇಲರ್ ಹೋಗಲು ಬೇರೆ ಕಾರಣಗಳೂ ಇದ್ದವು. ಯುದ್ಧಾಪರಾಧದ ಆರೋಪಪಟ್ಟಿ ಬಂದಿತ್ತು, ಬಂಡುಕೋರರು ಊರಿನ ಬಾಗಿಲಿಗೆ ಬಂದಿದ್ದರು, ಅಮೆರಿಕದ ಒತ್ತಡವಿತ್ತು. ಹೆಂಗಸರೇ ಯುದ್ಧ ನಿಲ್ಲಿಸಿದರು ಎಂದು ಬರೆದರೆ ಅದು ಉತ್ಪ್ರೇಕ್ಷೆ. ಅವರು ಮಾಡಿದ್ದು ಏನೆಂದರೆ, ಒಳಗಿನವರಿಗೆ ತಡ ಮಾಡುವುದು ಕಷ್ಟವಾಗುವಂತೆ ನೋಡಿಕೊಂಡರು.

ಕತೆಯ ಉಳಿದರ್ಧ ಅಲ್ಲಿಂದ ಮುಂದಿದೆ. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಬಂದೂಕು ಒಪ್ಪಿಸಿಕೊಳ್ಳಲು ಶುರು ಮಾಡಿತು. ಎಷ್ಟು ಜನ ಬರುತ್ತಾರೆ ಎಂಬ ಅಂದಾಜೇ ತಪ್ಪಿ ಗಲಭೆಯಾಗಿ ಅದು ನಿಂತುಹೋಯಿತು. ಹೋರಾಟಗಾರ ಹುಡುಗರನ್ನು ಮಾತಾಡಿಸಿ ಸಮಾಧಾನ ಮಾಡುವ ಕೆಲಸಕ್ಕೆ ಮತ್ತೆ ಆ ಹೆಂಗಸರೇ ಇಳಿದರು. 2005ರ ಚುನಾವಣೆಗೆ ಮುಂಚೆ ಹೆಂಗಸರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಓಡಾಡಿದರು. ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು, ಆಫ್ರಿಕಾದಲ್ಲಿ ಚುನಾಯಿತರಾದ ಮೊದಲ ಮಹಿಳಾ ಅಧ್ಯಕ್ಷರಾದರು. ಬೋವಿ, ಸರ್ಲೀಫ್ ಮತ್ತು ಯೆಮೆನ್‌ನ ತವಕ್ಕುಲ್ ಕರ್ಮಾನ್ 2011ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡರು. ಭಾರತದ್ದೂ ಇಲ್ಲೊಂದು ಪಾಲಿದೆ. 2007ರಿಂದ 2016ರ ತನಕ ಲೈಬೀರಿಯಾದಲ್ಲಿ ವಿಶ್ವಸಂಸ್ಥೆಯ ಪರವಾಗಿ ಕೆಲಸ ಮಾಡಿದ ಭಾರತೀಯ ಮಹಿಳಾ ಪೊಲೀಸ್ ತುಕಡಿ, ಶಾಂತಿಪಾಲನೆಯ ಚರಿತ್ರೆಯಲ್ಲೇ ಪೂರ್ತಿ ಮಹಿಳೆಯರದ್ದಾದ ಮೊದಲ ತುಕಡಿ. ರಾತ್ರಿ ಗಸ್ತು, ಅಧ್ಯಕ್ಷರ ಕಚೇರಿಯ ಕಾವಲು ಎರಡೂ ಅವರದ್ದೇ ಆಗಿತ್ತು.

ಬಾಗಿಲಲ್ಲಿ ಕೂತು ಒತ್ತಡ ಹಾಕುವುದು ಒಂದು ದಾರಿ. ಒಳಗೇ ಹೋಗಿ ಕೂರುವುದು ಇನ್ನೊಂದು. ಎರಡನೆಯದಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ಉತ್ತರ ಐರ್ಲೆಂಡ್. ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಸಮುದಾಯಗಳ ನಡುವಿನ ದಶಕಗಳ ಹಿಂಸೆ ನಿಲ್ಲಿಸುವ ಮಾತುಕತೆಗೆ ಹೋಗುವವರನ್ನು ಆರಿಸಲು 1996ರಲ್ಲಿ ಅಲ್ಲಿ ಚುನಾವಣೆ ನಡೆಯಿತು. ಮೊದಲ ಹತ್ತು ಸ್ಥಾನ ಪಡೆದ ಪಕ್ಷಗಳಿಗೆ ತಲಾ ಎರಡು ಹೆಚ್ಚುವರಿ ಸೀಟು ಎಂಬ ನಿಯಮವಿತ್ತು. ದೊಡ್ಡ ಪಕ್ಷಗಳ ಪಟ್ಟಿಯಲ್ಲಿ ಹೆಂಗಸರು ಕಾಣಿಸದಿದ್ದಾಗ, ಕೆಲವರು ಚುನಾವಣೆಗೆ ಕೆಲವೇ ವಾರ ಇರುವಾಗ ತಮ್ಮದೇ ಪಕ್ಷ ಕಟ್ಟಿದರು: ಉತ್ತರ ಐರ್ಲೆಂಡ್ ಮಹಿಳಾ ಒಕ್ಕೂಟ. ಮೋನಿಕಾ ಮೆಕ್‌ವಿಲಿಯಮ್ಸ್ ಕ್ಯಾಥೊಲಿಕ್ ಹಿನ್ನೆಲೆಯ ಪ್ರಾಧ್ಯಾಪಕಿ, ಪರ್ಲ್ ಸೇಗರ್ ಪ್ರೊಟೆಸ್ಟಂಟ್ ಬಡಾವಣೆಯ ಸಮಾಜ ಕಾರ್ಯಕರ್ತೆ. ಬಿದ್ದ ಮತ ಶೇ 1ರಷ್ಟು. ಸಾಕಾಯಿತು, ಮೊದಲ ಹತ್ತರೊಳಗೆ ಬಂದರು, ಎರಡು ಸೀಟು ಸಿಕ್ಕಿತು. ಸಭೆಯಲ್ಲಿ ಅವರು ಎದ್ದು ಮಾತಾಡಿದರೆ ಎದುರಿನ ಕೆಲ ಸದಸ್ಯರು ಹಸುವಿನಂತೆ ಕೂಗಿ ಗೇಲಿ ಮಾಡುತ್ತಿದ್ದರು. ಅಂಥವರ ಹೆಸರನ್ನು ಇವರು ತಮ್ಮ ಕಚೇರಿಯಲ್ಲಿ ಬೋರ್ಡ್ ಮೇಲೆ ಬರೆದು ಹಾಕಿದರಂತೆ.

ಆಮೇಲೆ ಏನಾಯಿತು? 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದವನ್ನು ತೆರೆದು ನೋಡಿ. ಹಿಂಸೆಗೆ ತುತ್ತಾದವರ ಹಕ್ಕು, ಎರಡೂ ಸಮುದಾಯದ ಮಕ್ಕಳು ಒಟ್ಟಿಗೆ ಓದುವ ಶಾಲೆ, ಒಟ್ಟಿಗೆ ಬಾಳುವ ವಸತಿ, ಪಕ್ಷಗಳ ಹೊರಗಿನವರಿಗಾಗಿ ಒಂದು ನಾಗರಿಕ ವೇದಿಕೆ. ಇವುಗಳ ಹಿಂದೆ ಆ ಒಕ್ಕೂಟದ ಪಟ್ಟು ಇದೆ. ದೊಡ್ಡ ಪಕ್ಷಗಳಿಗೆ ಇವು ಬೇಡ ಎಂದೇನಲ್ಲ, ಅವರ ಪಟ್ಟಿಯಲ್ಲಿ ಇವು ಮೇಲೆ ಇರಲಿಲ್ಲ ಅಷ್ಟೇ. ಇನ್ನೊಂದು ಕೆಲಸ ಕಣ್ಣಿಗೆ ಕಾಣದ್ದು. ಒಬ್ಬರ ಜೊತೆ ಒಬ್ಬರು ಮಾತೇ ಆಡದ ಪಕ್ಷಗಳ ನಡುವೆ ಸುದ್ದಿ ಸಾಗಿಸುವುದು. ಇವರು ಯಾರ ಕಡೆಯವರೂ ಅಲ್ಲದ್ದರಿಂದ ಎಲ್ಲರ ಬಾಗಿಲೂ ತೆರೆದಿತ್ತು. ಆದರೆ ಕತೆ ಸುಖಾಂತವಾಗಿ ಮುಗಿಯಲಿಲ್ಲ. ನಾಗರಿಕ ವೇದಿಕೆ 2002ರಲ್ಲಿ ನಿಂತಿತು, ಒಕ್ಕೂಟ 2003ರ ಚುನಾವಣೆಯಲ್ಲಿ ಸೀಟು ಕಳೆದುಕೊಂಡಿತು, 2006ರಲ್ಲಿ ಬಾಗಿಲು ಮುಚ್ಚಿತು. ಮಾತುಕತೆಯಲ್ಲಿ ಉಪಯೋಗಕ್ಕೆ ಬಂದವರು ಅಧಿಕಾರ ಹಂಚುವಾಗ ನೆನಪಾಗುವುದಿಲ್ಲ. ಈ ಮಾತು ಬೇರೆ ದೇಶಗಳಲ್ಲೂ ಮತ್ತೆ ಮತ್ತೆ ನಿಜವಾಗಿದೆ.

ಕೊಲಂಬಿಯಾದಲ್ಲಿ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ಮಾತುಕತೆ 2012ರಲ್ಲಿ ಶುರುವಾದಾಗ ಮುಖ್ಯ ಸಂಧಾನಕಾರರೆಲ್ಲ ಗಂಡಸರೇ. 2013ರ ಅಕ್ಟೋಬರ್‌ನಲ್ಲಿ ಮಹಿಳಾ ಸಂಘಟನೆಗಳು ಬೊಗೊಟಾದಲ್ಲಿ ದೊಡ್ಡ ಸಮಾವೇಶ ಮಾಡಿದವು. ಮರುತಿಂಗಳೇ ಸರ್ಕಾರ ಇಬ್ಬರು ಮಹಿಳೆಯರನ್ನು ನೇಮಿಸಿತು. 2014ರಲ್ಲಿ ಎರಡೂ ಕಡೆಯವರಿರುವ ಲಿಂಗ ಸಮಾನತೆಯ ಉಪಸಮಿತಿಯಾಯಿತು. ಅದೇ ಹೊತ್ತಿಗೆ ಹಿಂಸೆಗೆ ತುತ್ತಾದ 60 ಜನ, 12 ಜನರ ಐದು ತಂಡಗಳಾಗಿ, ಮಾತುಕತೆ ನಡೆಯುತ್ತಿದ್ದ ಕ್ಯೂಬಾದ ಹವಾನಾಕ್ಕೆ ಹೋಗಿ ಸಂಧಾನಕಾರರ ಮುಂದೆ ಕೂತು ಮಾತಾಡಿದರು. ಅವರಲ್ಲಿ ಹೆಂಗಸರೇ ಜಾಸ್ತಿ. ಲೈಂಗಿಕ ಹಿಂಸೆಗೆ ಕ್ಷಮಾದಾನ ಇಲ್ಲ ಎನ್ನುವುದು ಒಪ್ಪಂದಕ್ಕೆ ಬಂತು, ಹಳ್ಳಿಯ ಹೆಂಗಸರ ಭೂಮಿಯ ಹಕ್ಕು ಬಂತು. ಆದರೆ 2016ರ ಅಕ್ಟೋಬರ್ 2ರ ಜನಮತಗಣನೆಯಲ್ಲಿ ಒಪ್ಪಂದ ಕೂದಲೆಳೆಯಲ್ಲಿ ಸೋತಿತು. ಸೋಲಿಗೆ ಹಲವು ಕಾರಣ. ಈ ಒಪ್ಪಂದ ಸಂಸಾರ ಒಡೆಯುತ್ತದೆ ಎಂಬ ಪ್ರಚಾರ ಅದರಲ್ಲೊಂದು. ಪದಗಳನ್ನು ತಿದ್ದಿ ನವೆಂಬರ್‌ನಲ್ಲಿ ಮತ್ತೆ ಸಹಿ ಹಾಕಬೇಕಾಯಿತು. ಅದರಲ್ಲಿರುವ 578 ಅಂಶಗಳಲ್ಲಿ 130 ಮಹಿಳೆಯರಿಗೆ ಸಂಬಂಧಿಸಿದವು. ಉಳಿದವುಗಳಿಗಿಂತ ಇವುಗಳ ಜಾರಿಯೇ ನಿಧಾನ ಎಂದು ಒಪ್ಪಂದದ ಮೇಲೆ ಕಣ್ಣಿಟ್ಟಿರುವ ಕ್ರಾಕ್ ಸಂಸ್ಥೆ ವರ್ಷ ವರ್ಷ ಹೇಳುತ್ತಿದೆ.

ಈಗ ನಿಮ್ಮ ಆಧಾರದ ಪ್ರಶ್ನೆ. ಹುಡುಕಲು ಹೋದರೆ ಒಂದು ಅಂಕಿ ಎಲ್ಲೆಲ್ಲೂ ಸಿಗುತ್ತದೆ: ಮಹಿಳೆಯರು ಪಾಲ್ಗೊಂಡರೆ ಒಪ್ಪಂದ 15 ವರ್ಷ ಬಾಳುವ ಸಾಧ್ಯತೆ ಶೇ 35 ಹೆಚ್ಚು. 1989ರಿಂದ 2011ರ ನಡುವಿನ 182 ಒಪ್ಪಂದಗಳನ್ನು ನೋಡಿ ಲಾರೆಲ್ ಸ್ಟೋನ್ ಎಂಬ ಸಂಶೋಧಕಿ ತೆಗೆದ ಅಂಕಿ ಇದು. ಭಾಷಣಕ್ಕೆ ಚೆನ್ನಾಗಿದೆ, ಪ್ರಬಂಧದಲ್ಲಿ ಎಚ್ಚರ ಬೇಕು. ಮಹಿಳೆಯರು ಸಹಿ ಹಾಕಿದ ಒಪ್ಪಂದಗಳೇ ಕಡಿಮೆ, ಹಾಗಾಗಿ ಲೆಕ್ಕದ ಬುನಾದಿ ಚಿಕ್ಕದು. ಜೊತೆಗೆ, ಮೊದಲೇ ಸ್ವಲ್ಪ ಮುಕ್ತವಾಗಿರುವ ಸಮಾಜದಲ್ಲಿ ಮಹಿಳೆಯರಿಗೂ ಜಾಗ ಸಿಗುತ್ತದೆ, ಶಾಂತಿಯೂ ಬಾಳುತ್ತದೆ. ಯಾವುದರಿಂದ ಯಾವುದು ಎಂದು ಬಿಡಿಸುವುದು ಸುಲಭವಲ್ಲ. ನನಗೆ ಜಾಸ್ತಿ ಒಪ್ಪಿಗೆಯಾಗುವುದು 2018ರಲ್ಲಿ ಜಾನಾ ಕ್ರೌಸ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ. 82 ಒಪ್ಪಂದಗಳನ್ನು ನೋಡಿ, ಮಹಿಳೆಯರು ಸಹಿ ಹಾಕಿದವು ಹೆಚ್ಚು ಬಾಳಿದವು ಎಂದಷ್ಟೇ ಹೇಳಿ ಅವರು ನಿಲ್ಲಿಸಲಿಲ್ಲ. ಏಕೆ ಎಂದೂ ಕೇಳಿದರು. ಒಳಗಿದ್ದ ಮಹಿಳೆಯರಿಗೂ ಹೊರಗಿನ ಸಂಘಟನೆಗಳಿಗೂ ನಂಟಿದ್ದಾಗ ಒಪ್ಪಂದದೊಳಗೆ ಸುಧಾರಣೆಯ ಅಂಶಗಳು ಹೆಚ್ಚುತ್ತವೆ, ಅವುಗಳ ಜಾರಿಯೂ ಚೆನ್ನಾಗಿ ನಡೆಯುತ್ತದೆ ಎಂಬುದು ಅವರ ಉತ್ತರ. ಬರೀ ತಲೆ ಎಣಿಸಿದರೆ ಇದು ಕಾಣುವುದಿಲ್ಲ.

ಅದಕ್ಕೇ ರುವಾಂಡಾವನ್ನು ಮತ್ತೆ ನೆನಪಿಸುತ್ತೇನೆ. ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಶೇ 60ಕ್ಕೂ ಹೆಚ್ಚು ಮಹಿಳೆಯರು. ಜಗತ್ತಿನಲ್ಲೇ ಮೊದಲ ಸ್ಥಾನ. ಆದರೆ ನೆರೆಯ ಕಾಂಗೋದಲ್ಲಿ ಎಂ23 ಬಂಡುಕೋರರಿಗೆ ರುವಾಂಡಾ ಸೈನ್ಯದ ಬೆಂಬಲವಿದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮೇಲೆ ವರದಿ ಕೊಟ್ಟಿದ್ದಾರೆ. ಯುದ್ಧದ ತೀರ್ಮಾನ ಸಂಸತ್ತಿನಲ್ಲಿ ಆಗದಿದ್ದರೆ ಸಂಸತ್ತಿನಲ್ಲಿ ಎಷ್ಟು ಜನ ಮಹಿಳೆಯರಿದ್ದರೇನು?

ಇದಕ್ಕೆ ಎದುರಾಗಿ, ಒಬ್ಬರೇ ಒಬ್ಬರು ಸರಿಯಾದ ಜಾಗದಲ್ಲಿದ್ದುದರಿಂದ ಕಾನೂನೇ ಬದಲಾದ ಪ್ರಸಂಗವೂ ಅದೇ ರುವಾಂಡಾಕ್ಕೆ ಸೇರಿದ್ದು. ತಬಾ ಎಂಬ ಊರಿನ ಮೇಯರ್ ಆಗಿದ್ದ ಜಾನ್-ಪಾಲ್ ಅಕಯೇಸು ಮೇಲೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ನರಮೇಧದ ಮೊಕದ್ದಮೆ ನಡೆಯಿತು. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. 1997ರಲ್ಲಿ ಸಾಕ್ಷಿ ಹೇಳುತ್ತಿದ್ದ ಹೆಂಗಸೊಬ್ಬರ ಬಾಯಲ್ಲಿ ಆ ಮಾತು ಬಂತು. ವಕೀಲರು ಅದನ್ನು ದಾಟಿ ಹೋಗುತ್ತಿದ್ದರೇನೋ. ಪೀಠದಲ್ಲಿದ್ದ ಒಬ್ಬರೇ ಮಹಿಳಾ ನ್ಯಾಯಾಧೀಶೆ, ದಕ್ಷಿಣ ಆಫ್ರಿಕಾದ ನವನೀತಂ ಪಿಳ್ಳೈ, ಬಿಡದೆ ಪ್ರಶ್ನೆ ಕೇಳಿದರು. ಇನ್ನಷ್ಟು ಸಾಕ್ಷ್ಯ ಹೊರಬಂತು. ಹೊರಗೆ ಮಹಿಳಾ ಸಂಘಟನೆಗಳೂ ಒತ್ತಾಯಿಸಿದವು. ಆರೋಪಪಟ್ಟಿ ತಿದ್ದಿದರು. 1998ರ ಸೆಪ್ಟೆಂಬರ್ 2ರ ತೀರ್ಪು, ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದಿತು. ಅಲ್ಲಿಯ ತನಕ ಯಾವ ಅಂತರರಾಷ್ಟ್ರೀಯ ನ್ಯಾಯಾಲಯವೂ ಹಾಗೆ ಹೇಳಿರಲಿಲ್ಲ. ಯುದ್ಧ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕೈಚೆಲ್ಲುತ್ತಿದ್ದ ವಿಷಯ ಅಪರಾಧದ ಪಟ್ಟಿಗೆ ಸೇರಿತು. ನಿಮ್ಮ ಗೆಳತಿಯರಿಗೆ ಒಂದೇ ಉದಾಹರಣೆ ಕೊಡಬೇಕಿದ್ದರೆ ಇದನ್ನೇ ಕೊಡಿ.

ಈ ಎಲ್ಲ ಅನುಭವಕ್ಕೆ ಜಾಗತಿಕ ಚೌಕಟ್ಟು ಸಿಕ್ಕಿದ್ದು 2000ದ ಅಕ್ಟೋಬರ್ 31ರಂದು. ಶಾಂತಿ ಮತ್ತು ಭದ್ರತೆಯ ತೀರ್ಮಾನಗಳಲ್ಲಿ ಮಹಿಳೆಯರಿಗೂ ಪಾಲಿರಬೇಕು ಎನ್ನುವ 1325ನೇ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸರ್ವಾನುಮತದಿಂದ ಅಂಗೀಕರಿಸಿತು. ಇದು ಶ್ರೀಮಂತ ದೇಶಗಳು ಹೇರಿದ ವಿಚಾರ ಎಂದು ಕೆಲವರು ಸುಮ್ನೆ ಹೇಳುತ್ತಾರೆ. ಆ ವರ್ಷದ ಮಾರ್ಚ್‌ನಲ್ಲಿ ಮಂಡಳಿಯಲ್ಲಿ ಮೊದಲು ಈ ಮಾತೆತ್ತಿದವರು ಬಾಂಗ್ಲಾದೇಶದ ರಾಯಭಾರಿ ಅನ್ವರುಲ್ ಚೌಧುರಿ. ಮೇ ತಿಂಗಳಲ್ಲಿ ಬುನಾದಿ ಹಾಕಿದ ಘೋಷಣೆ ಹೊರಟಿದ್ದು ನಮೀಬಿಯಾದ ವಿಂಡ್‌ಹುಕ್‌ನಿಂದ. ಅಕ್ಟೋಬರ್‌ನಲ್ಲಿ ಮಂಡಳಿಯ ಅಧ್ಯಕ್ಷತೆ ಕೂಡ ನಮೀಬಿಯಾದ್ದೇ. ಆಗ ಅಲ್ಲಿ ಮಹಿಳಾ ಸಚಿವೆಯಾಗಿ ಇದಕ್ಕೆ ದುಡಿದ ನೆಟುಂಬೊ ನಂದಿ-ಎನ್‌ಡೈಟ್ವಾ 2025ರಲ್ಲಿ ಆ ದೇಶದ ಅಧ್ಯಕ್ಷರಾದರು. ಇನ್ನೂ ಹಿಂದಕ್ಕೆ ಹೋಗಬೇಕಿದ್ದರೆ, ಮೊದಲ ಮಹಾಯುದ್ಧದ ನಡುವೆಯೇ 1915ರಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರು ಹೇಗ್ ನಗರದಲ್ಲಿ ಸೇರಿ, ತಟಸ್ಥ ದೇಶಗಳು ಮಧ್ಯಸ್ಥಿಕೆ ವಹಿಸಲಿ ಎಂದು ದೇಶದಿಂದ ದೇಶಕ್ಕೆ ನಿಯೋಗ ಕಳಿಸಿದ್ದರು. ಸರ್ಕಾರಗಳು ಮರ್ಯಾದೆಯಿಂದ ಮಾತಾಡಿಸಿ ಕಳಿಸಿದವು. ಯುದ್ಧ ನಡೆದೇ ನಡೆಯಿತು.

1325ರ ನಂತರ ಇನ್ನೂ ಒಂಬತ್ತು ನಿರ್ಣಯ ಬಂದವು. ಬಿರುಕು ಕಾಣಿಸಿದ್ದು 2019ರಲ್ಲಿ. ಯುದ್ಧದಲ್ಲಿ ಲೈಂಗಿಕ ಹಿಂಸೆಗೆ ತುತ್ತಾದವರ ಬಗೆಗಿನ 2467ನೇ ನಿರ್ಣಯದಲ್ಲಿ ಸಂತಾನ ಆರೋಗ್ಯ ಸೇವೆಯ ಪ್ರಸ್ತಾಪ ಇದ್ದರೆ ವೀಟೊ ಹಾಕುತ್ತೇವೆ ಎಂದಿತು ಅಮೆರಿಕ. ಆ ಸಾಲು ತೆಗೆದರು. ಆದರೂ ರಷ್ಯಾ, ಚೀನಾ ಮತ ಹಾಕದೆ ಕೂತವು. ಮರುವರ್ಷ ರಷ್ಯಾ ತನ್ನದೇ ಕರಡು ತಂದಿತು. ಇದು ಹಳೆಯದನ್ನು ಸಡಿಲ ಮಾಡುತ್ತದೆ ಎಂದು ಹತ್ತು ದೇಶಗಳು ದೂರ ಉಳಿದವು, ಐದೇ ಮತ ಬಿದ್ದು ಅದು ಸೋತಿತು. ಅಂದರೆ ಒಂದು ಕಾಲಕ್ಕೆ ಯಾರೂ ತಕರಾರು ಮಾಡದ ವಿಷಯ ದೊಡ್ಡ ದೇಶಗಳ ಕುಸ್ತಿಯ ಅಖಾಡವಾಗಿತ್ತು.

ಈಗಿನ ಬದಲಾವಣೆ ಅದಕ್ಕಿಂತ ಆಳದ್ದು. ಸ್ತ್ರೀವಾದಿ ವಿದೇಶಾಂಗ ನೀತಿ ಎಂದು 2014ರಲ್ಲಿ ಮೊದಲು ಘೋಷಿಸಿದ ಸ್ವೀಡನ್, 2022ರಲ್ಲಿ ಸರ್ಕಾರ ಬದಲಾದ ಕೂಡಲೇ ಅದನ್ನು ಕೈಬಿಟ್ಟಿತು. ಅಮೆರಿಕದ ಕತೆ ಇನ್ನೂ ವಿಚಿತ್ರ. ಈ ವಿಷಯದ ಮೇಲೆ ಕಾನೂನನ್ನೇ ಮಾಡಿದ ದೇಶ ಅದು. 2017ರಲ್ಲಿ ಅದಕ್ಕೆ ಸಹಿ ಹಾಕಿದವರು ಡೊನಾಲ್ಡ್ ಟ್ರಂಪ್. ಅದನ್ನು ಮಂಡಿಸಿದವರಲ್ಲಿ ಕ್ರಿಸ್ಟಿ ನೋಯೆಮ್, ಬೆಂಬಲಿಸಿದವರಲ್ಲಿ ಮಾರ್ಕೊ ರೂಬಿಯೊ ಇದ್ದರು. ಇಬ್ಬರೂ ಟ್ರಂಪ್ ಅವರ ಎರಡನೇ ಅವಧಿಯಲ್ಲಿ ಸಚಿವರಾದರು. ಅದೇ ಸರ್ಕಾರದ ರಕ್ಷಣಾ ಸಚಿವ ಪೀಟ್ ಹೆಗ್‌ಸೆತ್ 2025ರ ಏಪ್ರಿಲ್‌ನಲ್ಲಿ, ಇದು ಎಡಪಂಥೀಯರ ಕಾರ್ಯಕ್ರಮ, ರಕ್ಷಣಾ ಇಲಾಖೆಯಲ್ಲಿ ಇದನ್ನು ನಿಲ್ಲಿಸಿದ್ದೇನೆ ಎಂದರು. ಕಾನೂನು ಪುಸ್ತಕದಲ್ಲಿ ಹಾಗೇ ಇದೆ.

ಹಣದ ಹೊಡೆತ ಇದಕ್ಕಿಂತ ಜೋರು. 2024ರಲ್ಲಿ ಜಗತ್ತಿನ ಸೇನಾ ವೆಚ್ಚ ಸುಮಾರು 2.7 ಲಕ್ಷ ಕೋಟಿ ಡಾಲರ್ ಮುಟ್ಟಿತು, ಒಂದೇ ವರ್ಷದಲ್ಲಿ ಶೇ 9ಕ್ಕೂ ಹೆಚ್ಚು ಏರಿಕೆ. ಅತ್ತ ನೆರವಿನ ಹಣ ಕರಗುತ್ತಿದೆ. 2025ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ, ಯುದ್ಧ ಮತ್ತು ವಿಪತ್ತಿನ ದೇಶಗಳ 411 ಮಹಿಳಾ ಸಂಘಟನೆಗಳನ್ನು ಮಾತಾಡಿಸಿತು. ಶೇ 90ರಷ್ಟಕ್ಕೆ ಹಣ ಕಡಿತದ ಬಿಸಿ ತಟ್ಟಿತ್ತು. ಹೀಗೇ ಆದರೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕಾದೀತು ಎಂದು ಹೆಚ್ಚುಕಡಿಮೆ ಅರ್ಧದಷ್ಟು ಸಂಘಟನೆಗಳು ಹೇಳಿದವು.

ಮಾತುಕತೆಯ ರೀತಿಯೂ ಬದಲಾಗಿದೆ. ಎಲ್ಲರನ್ನೂ ಸೇರಿಸಿ ವರ್ಷಗಟ್ಟಲೆ ನಡೆಸುವ ಮಾತುಕತೆ ಹಳೆಯದಾಯಿತು. ಈಗ ಚುಟುಕು ವ್ಯವಹಾರ: ಇಬ್ಬರು ಬಲಾಢ್ಯರು, ಒಬ್ಬ ಮಧ್ಯಸ್ಥ, ಕ್ಯಾಮೆರಾ ಮುಂದೆ ಸಹಿ. ಇದರ ಮುನ್ಸೂಚನೆ ಸಿಕ್ಕಿದ್ದು 2020ರ ಫೆಬ್ರುವರಿ 29ರಂದು ದೋಹಾದಲ್ಲಿ. ಅಮೆರಿಕ ಮತ್ತು ತಾಲಿಬಾನ್ ಒಪ್ಪಂದ ಮಾಡಿಕೊಂಡವು. ಅಫ್ಗಾನ್ ಸರ್ಕಾರವೇ ಅಲ್ಲಿರಲಿಲ್ಲ, ಇನ್ನು ಮಹಿಳೆಯರ ಮಾತೆಲ್ಲಿ. ಒಪ್ಪಂದದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಅಫ್ಗಾನರ ನಡುವಿನ ಮಾತುಕತೆ ಶುರುವಾದಾಗ ಸರ್ಕಾರದ ನಿಯೋಗದಲ್ಲಿ ನಾಲ್ವರು ಮಹಿಳೆಯರಿದ್ದರು. ಅವರಲ್ಲೊಬ್ಬರಾದ ಫೌಜಿಯಾ ಕೂಫಿ ಒಂದು ತಿಂಗಳ ಹಿಂದಷ್ಟೇ ಗುಂಡೇಟು ತಿಂದಿದ್ದರು, ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಬಂದಿದ್ದರು. ಆದರೆ ಮುಖ್ಯ ಲೆಕ್ಕಾಚಾರ ಅಷ್ಟು ಹೊತ್ತಿಗೆ ಮುಗಿದಿತ್ತು. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿತ್ತು. ಹೈಸ್ಕೂಲಿನ ಬಾಗಿಲು ಹುಡುಗಿಯರಿಗೆ ಮುಚ್ಚಿತು, ಆಮೇಲೆ ವಿಶ್ವವಿದ್ಯಾಲಯದ್ದು. ತಾಲಿಬಾನ್ ಬರಬೇಕೆಂದು 2024ರಲ್ಲಿ ದೋಹಾದಲ್ಲಿ ವಿಶ್ವಸಂಸ್ಥೆಯೇ ಕರೆದ ಸಭೆಯಲ್ಲೂ ಅಫ್ಗಾನ್ ಮಹಿಳೆಯರಿಗೆ ಮುಖ್ಯ ಮೇಜಿನಲ್ಲಿ ಜಾಗ ಇರಲಿಲ್ಲ. 1325ನ್ನು ಬರೆದ ಸಂಸ್ಥೆಯೇ ಹೀಗೆ ಮಾಡಿದರೆ ಬೇರೆಯವರನ್ನು ಏನು ಕೇಳುವುದು?

2025ರ ಜೂನ್ 27ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ ಮತ್ತು ರುವಾಂಡಾ ಒಪ್ಪಂದಕ್ಕೆ ಸಹಿ ಹಾಕಿದವು. ಕಾಂಗೋ ಪರವಾಗಿ ಸಹಿ ಮಾಡಿದ್ದು ವಿದೇಶಾಂಗ ಸಚಿವೆ ತೆರೇಸ್ ಕಯಿಕ್ವಾಂಬಾ ವಾಗ್ನರ್. ಲೆಕ್ಕಕ್ಕೆ ಮಹಿಳೆಯ ಸಹಿ ಇದೆ. ಆದರೆ ಆ ಒಪ್ಪಂದದ ಬೆನ್ನಿಗಿದ್ದ ದೊಡ್ಡ ಆಸಕ್ತಿ ಖನಿಜದ್ದು. ಗೋಮಾ ನಗರವನ್ನು ಹಿಡಿದು ಕೂತಿದ್ದ ಎಂ23 ಅದರಲ್ಲಿ ಪಾಲುದಾರನಲ್ಲ, ಆ ಭಾಗದ ಮಹಿಳಾ ಸಂಘಟನೆಗಳೂ ಅಲ್ಲ. ಪೂರ್ವ ಕಾಂಗೋದಲ್ಲಿ ಗುಂಡಿನ ಸದ್ದು ನಿಲ್ಲಲಿಲ್ಲ. ಯಾರು ಸಹಿ ಹಾಕಿದರು ಎಂಬುದಕ್ಕಿಂತ ವಿಷಯಗಳ ಪಟ್ಟಿ ಯಾರ ಕೈಯಲ್ಲಿತ್ತು ಎಂದು ಕೇಳಿ ಎನ್ನುವುದು ಇದಕ್ಕೇ.

ನಿಮ್ಮ ಗೆಳತಿಯರ ಮಾತು ಅರ್ಧ ನಿಜ ಎಂದು ಒಪ್ಪೋಣ. ಮೇಲಿನ ಕೋಣೆಗಳ ಬಾಗಿಲು ಮುಚ್ಚುತ್ತಿದೆ. 2024ರಲ್ಲಿ ಜಗತ್ತಿನ ಶಾಂತಿ ಮಾತುಕತೆಗಳಲ್ಲಿ ಸಂಧಾನಕಾರರ ಪೈಕಿ ಮಹಿಳೆಯರು ಶೇ 7ರಷ್ಟು ಮಾತ್ರ. ಆದರೆ ಕೆಳಗಿನ ಕೆಲಸ ನಿಂತಿಲ್ಲ. ಯೆಮೆನ್‌ನಲ್ಲಿ 2016ರಲ್ಲಿ ಹುಟ್ಟಿದ ಅಪಹೃತರ ತಾಯಂದಿರ ಸಂಘ, ಎರಡೂ ಕಡೆಯವರ ಜೈಲಿನ ಬಾಗಿಲು ತಟ್ಟಿ ಸೆರೆಯಾಳುಗಳನ್ನು ಬಿಡಿಸಿದೆ. ಸುಡಾನ್‌ನಲ್ಲಿ 2023ರಿಂದ ಇಬ್ಬರು ಜನರಲ್‌ಗಳು ದೇಶವನ್ನು ಹರಿದು ಹಂಚಿಕೊಳ್ಳುತ್ತಿದ್ದಾರೆ. ಅಲ್ಲಿ ಊಟ, ಔಷಧಿ ಮುಟ್ಟಿಸುತ್ತಿರುವುದು ತುರ್ತು ನೆರವಿನ ಕೊಠಡಿಗಳೆಂಬ ಮೊಹಲ್ಲಾ ಗುಂಪುಗಳು. ಅವುಗಳಲ್ಲಿ ಹೆಂಗಸರೇ ನಡೆಸುವಂಥವೂ ಇವೆ. ಯಾವ ರಸ್ತೆ ತೆರೆದಿದೆ, ಯಾವ ಚೆಕ್‌ಪೋಸ್ಟ್‌ನಲ್ಲಿ ಯಾರಿದ್ದಾರೆ ಎಂಬುದು ಇವರಿಗೆ ಗೊತ್ತಿರುವಷ್ಟು ರಾಯಭಾರಿಗಳಿಗೆ ಗೊತ್ತಿರುವುದಿಲ್ಲ. ಕದನವಿರಾಮ ನಿಜಕ್ಕೂ ನಡೆಯುತ್ತಿದೆಯೇ ಎಂದು ನೋಡಲು ಇಂಥವರಿಗಿಂತ ಒಳ್ಳೆಯ ಕಣ್ಣು ಯಾವುದು?

ಇನ್ನು ಕಿರುಪ್ರಬಂಧ. ವಿಷಯ ಬಿಡಬೇಡಿ, ಆದರೆ ಚಿಕ್ಕದು ಮಾಡಿಕೊಳ್ಳಿ. ಇಡೀ ಜಗತ್ತನ್ನು ಹೊರಲು ಹೋದರೆ ಘೋಷಣೆಗಳಷ್ಟೇ ಉಳಿಯುತ್ತವೆ. ನಾನಾದರೆ ನೇಪಾಳವನ್ನು ಆರಿಸಿಕೊಳ್ಳುತ್ತಿದ್ದೆ. 2006ರ ಒಪ್ಪಂದದ ನಂತರ ವಿಶ್ವಸಂಸ್ಥೆ ಪರಿಶೀಲಿಸಿ ಒಪ್ಪಿಕೊಂಡ 19,602 ಮಾವೋವಾದಿ ಹೋರಾಟಗಾರರಲ್ಲಿ 3,846 ಹೆಂಗಸರು. ಹತ್ತಿರ ಹತ್ತಿರ ಐದರಲ್ಲಿ ಒಬ್ಬರು. ಕೊನೆಗೆ ಸೈನ್ಯಕ್ಕೆ ಸೇರಿದ್ದು ಸುಮಾರು 1,400 ಜನ, ಅದರಲ್ಲಿ ಹೆಂಗಸರು ನೂರರ ಆಸುಪಾಸು. ಶಿಬಿರಗಳಲ್ಲಿ ವರ್ಷಗಟ್ಟಲೆ ಕಾಯುವಾಗ ಮದುವೆಯಾಗಿ ಮಕ್ಕಳಾಗಿದ್ದವು, ಎಳೆ ಮಗು ಎತ್ತಿಕೊಂಡು ಸೈನ್ಯದ ತರಬೇತಿಗೆ ಹೋಗುವುದು ಹೇಗೆ? ಅದೇ ದೇಶದಲ್ಲಿ 2008ರ ಸಂವಿಧಾನ ಸಭೆಯ 601 ಜನರಲ್ಲಿ 197 ಮಹಿಳೆಯರಿದ್ದರು. 1325ರ ಜಾರಿಗೆ ದಕ್ಷಿಣ ಏಷ್ಯಾದಲ್ಲಿ ಮೊದಲು ರಾಷ್ಟ್ರೀಯ ಕಾರ್ಯಯೋಜನೆ ಮಾಡಿದ್ದೂ ನೇಪಾಳವೇ, 2011ರಲ್ಲಿ. ಒಂದು ಕಡೆ ಬಾಗಿಲು ತೆರೆಯಿತು, ಇನ್ನೊಂದು ಕಡೆ ಮುಚ್ಚಿತು. ಏಕೆ ಎನ್ನುವುದೇ ಒಳ್ಳೆಯ ಪ್ರಬಂಧವಾಗುತ್ತದೆ.

ಮೂಲ ಒಪ್ಪಂದಗಳನ್ನೇ ಓದಿ, ಅವುಗಳ ಬಗ್ಗೆ ಬರೆದದ್ದನ್ನು ಆಮೇಲೆ ನೋಡಿ. ಎಡಿನ್‌ಬರೊ ವಿಶ್ವವಿದ್ಯಾಲಯದ ಪಿಎ-ಎಕ್ಸ್ ಎಂಬ ಸಂಗ್ರಹದಲ್ಲಿ 1990ರಿಂದ ಈಚಿನ ಎರಡು ಸಾವಿರಕ್ಕೂ ಹೆಚ್ಚು ಒಪ್ಪಂದಗಳು ಉಚಿತವಾಗಿ ಸಿಗುತ್ತವೆ. ಮಹಿಳೆಯರ ಪ್ರಸ್ತಾಪ ಇರುವುದನ್ನು ಬೇರೆಯಾಗಿ ಹುಡುಕಲೂಬಹುದು. ಮುನ್ನುಡಿಯಲ್ಲಿ ಎಲ್ಲರೂ ಚಂದದ ಮಾತು ಬರೆಯುತ್ತಾರೆ, ಅದನ್ನು ಬೇಗ ದಾಟಿ. ಜಾರಿ ಸಮಿತಿಯಲ್ಲಿ ಯಾರು, ಖರ್ಚು ಯಾರದ್ದು, ಗಡುವು ಯಾವಾಗ ಎಂಬುದು ಸಾಮಾನ್ಯವಾಗಿ ಹಿಂದಿನ ಅನುಬಂಧಗಳಲ್ಲಿ ಇರುತ್ತದೆ. ಮೊದಲು ಅಲ್ಲಿಂದ ಓದಲು ಶುರು ಮಾಡಿ.